ಬೆಂಕಿ ಅಂಗಳದಲ್ಲಿರಲಿ, ದೀಪ ಒಳಗಿರಲಿ

ಕ್ರಿಸ್ತ ಜಯಂತಿಯ ಮರುದಿನದಿಂದ ತಪಸ್ಸುಕಾಲ ಆರಂಭವಾಗುವ ತನಕದ ವಾರಗಳು ನಮ್ಮ ಕರಾವಳಿಯ ಕಥೊಲಿಕ ಕುಟುಂಬಗಳಿಗೆ ಮಂಗಲಕಾರ್ಯಗಳ ಸುಗ್ಗಿಯಿದ್ದಂತೆ. ಆಗಮನಕಾಲದ ಸಂಯಮ ಮುಗಿದಿರುತ್ತದೆ. ಗಲ್ಫ್ ರಾಷ್ಟ್ರಗಳಿಂದ, ಮುಂಬಯಿಯಿಂದ, ಬೆಂಗಳೂರಿನಿಂದ ಮಕ್ಕಳು ಊರಿಗೆ ಬಂದಿರುತ್ತಾರೆ. ಒಂದು ಮನೆಯಲ್ಲಿ ರೋಸ್, ಇನ್ನೊಂದರಲ್ಲಿ ಮದುವೆ, ಮತ್ತೊಂದರಲ್ಲಿ ಅಜ್ಜ-ಅಜ್ಜಿಯರ ವಿವಾಹದ ಸುವರ್ಣ ಮಹೋತ್ಸವ. ಒಂದೇ ಸಂಜೆಗೆ ಮೂರು ಆಮಂತ್ರಣಗಳು ಬಂದು, ಯಾರಲ್ಲಿಗೆ ಹೋಗುವುದು, ಯಾರಲ್ಲಿ ಕ್ಷಮೆ ಕೇಳುವುದು ಎಂದು ತಿಳಿಯದ ಸ್ಥಿತಿ. ಇಂಥ ಸಂಭ್ರಮದ ನಡುವೆ ಅಪಾಯದ ಮಾತೆತ್ತುವುದು ಅಪಶಕುನವೆಂದು ಕೆಲವರಿಗೆ ತೋರಬಹುದು. ಆದರೂ ಈ ವಾರ ಆ ಮಾತನ್ನೇ ಆಡಲು ಹೊರಟಿದ್ದೇವೆ. ಏಕೆಂದರೆ ಅದನ್ನು ಆಡಬೇಕಾದ ಹೊತ್ತು ಮದುವೆಗೆ ಮುಂಚೆಯೇ ಹೊರತು ಅನಂತರವಲ್ಲ.

ಈಚೆಗೆ ನಮ್ಮ ಆಪ್ತರೊಬ್ಬರ ಮಗಳ ಮದುವೆಯ ಸತ್ಕಾರ ಕೂಟದಲ್ಲಿ ಪಾಲ್ಗೊಂಡಿದ್ದೆವು. ಸಭಾಂಗಣ ಕಿಕ್ಕಿರಿದು ತುಂಬಿತ್ತು. ವಧೂವರರು ಪ್ರವೇಶಿಸುವ ಹೊತ್ತಿಗೆ ದೀಪಗಳನ್ನು ಮಂದಗೊಳಿಸಲಾಯಿತು. ನಡುದಾರಿಯ ಇಕ್ಕೆಲಗಳಲ್ಲಿ ಇರಿಸಿದ್ದ ಡಬ್ಬಿಗಳಿಂದ ಆಳೆತ್ತರದ ಬಿಳಿಯ ಕಿಡಿಗಳ ಕಾರಂಜಿ ಚಿಮ್ಮಿತು. ಚಾವಣಿಯಿಂದ ಅಲೆಯಲೆಯಾಗಿ ಇಳಿಬಿಟ್ಟ ನೈಲಾನ್ ಬಟ್ಟೆ, ವೇದಿಕೆಗೆ ಥರ್ಮೋಕೋಲಿನ ಕಮಾನು, ವಧುವಿನ ತಲೆಯಿಂದ ನೆಲ ಮುಟ್ಟುವ ಬಲೆಬಟ್ಟೆಯ ಮುಸುಕು, ಇವುಗಳ ನಡುವೆ ಆ ಕಾರಂಜಿ. ಹೂ ಹಿಡಿದು ಮುಂದೆ ನಡೆಯುತ್ತಿದ್ದ ನಾಲ್ಕು ವರ್ಷದ ಮಗುವೊಂದು ಕಿಡಿಗಳನ್ನು ಹಿಡಿಯಲು ಕೈ ಚಾಚಿತು. 'ಹೆದರಬೇಡಿ, ಅದು ತಣ್ಣಗಿನ ಬೆಂಕಿ, ಸುಡುವುದಿಲ್ಲ' ಎಂದು ಪಕ್ಕದಲ್ಲಿ ಕುಳಿತವರು ನಮಗೆ ಸಮಾಧಾನ ಹೇಳಿದರು. ಇಪ್ಪತ್ತು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದು ಚಪ್ಪಾಳೆ ಮೊಳಗಿತು.

ನಾವು ಕುಳಿತಲ್ಲಿಂದ ಪಕ್ಕದ ಬಾಗಿಲನ್ನು ಹುಡುಕಿದೆವು. ಬಾಗಿಲೇನೋ ಇತ್ತು, ಅದರ ಮುಂದೆ ಮಡಚಿದ ಕುರ್ಚಿಗಳ ರಾಶಿಯೂ ಇತ್ತು. ಅಡಿಗೆಮನೆಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. ಕೀಲಿಕೈ ಯಾರಲ್ಲಿದೆ ಎಂದು ಬಡಿಸುತ್ತಿದ್ದ ಹುಡುಗನನ್ನು ವಿಚಾರಿಸಿದಾಗ, 'ಕಾವಲುಗಾರನ ಬಳಿ ಇದೆ, ಆತ ಚಹಾ ಕುಡಿಯಲು ಹೋಗಿದ್ದಾನೆ' ಎಂಬ ಉತ್ತರ ಬಂತು. ಅಂದು ಏನೂ ಆಗಲಿಲ್ಲ. ಊಟ ಚೆನ್ನಾಗಿತ್ತು, ಹಾಡು ಚೆನ್ನಾಗಿತ್ತು, ಎಲ್ಲರೂ ಸುಖವಾಗಿ ಮನೆ ಸೇರಿದರು. ಆದರೆ ಏನೂ ಆಗದಿದ್ದುದಕ್ಕೆ ನಮ್ಮ ಯಾವ ಎಚ್ಚರಿಕೆಯೂ ಕಾರಣವಾಗಿರಲಿಲ್ಲ. ಈ ಲೇಖನಕ್ಕೆ ಪ್ರೇರಣೆ ಅದೇ.

ಗರ್ನಾಲಿನ ಕಾಲ

ನಮ್ಮ ಹಿರಿಯರ ಮದುವೆಗಳಲ್ಲಿ ಬೆಂಕಿಯ ಆಟ ಇರಲಿಲ್ಲವೆಂದಲ್ಲ. ರೋಸ್ ಆರಂಭವಾಗುವಾಗ, ಮದುವಣಗಿತ್ತಿ ಮನೆಯಿಂದ ಹೊರಡುವಾಗ, ದಿಬ್ಬಣ ಮರಳುವಾಗ ಗರ್ನಾಲು ಸಿಡಿಸುವುದು ವಾಡಿಕೆಯಾಗಿತ್ತು. ದೂರವಾಣಿ ಇಲ್ಲದ ಕಾಲದಲ್ಲಿ ಅದು ಊರಿಗೆ ಸುದ್ದಿ ಮುಟ್ಟಿಸುವ ಕ್ರಮವೂ ಹೌದು. 'ಆ ಮನೆಯಲ್ಲಿ ರಸ ಹಚ್ಚಿದರು' ಎಂದು ಗುಡ್ಡದಾಚೆಯವರಿಗೂ ತಿಳಿಯುತ್ತಿತ್ತು. ಆದರೆ ಅದಕ್ಕೊಂದು ಶಿಸ್ತಿತ್ತು. ಗರ್ನಾಲು ಸಿಡಿಸುತ್ತಿದ್ದುದು ಚಪ್ಪರದಿಂದ ದೂರದ ಕೊಯ್ಲು ಮುಗಿದ ಗದ್ದೆಯಲ್ಲಿ. ಅದಕ್ಕೆಂದೇ ಊರಿನಲ್ಲಿ ಪಳಗಿದ ಒಬ್ಬಾತನಿರುತ್ತಿದ್ದ. ಮಕ್ಕಳು ಗದ್ದೆಯ ಅಂಚು ದಾಟುವಂತಿರಲಿಲ್ಲ. ಒಣ ಮಡಲಿನ ಚಪ್ಪರಕ್ಕೆ ಕಿಡಿ ಬಿದ್ದರೆ ಏನಾಗುವುದೆಂಬುದು ಮುಳಿಹುಲ್ಲಿನ ಮಾಡಿನ ಕೆಳಗೆ ಬಾಳಿದ ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗೆಂದು ಹಳೆಯದೆಲ್ಲ ಸುರಕ್ಷಿತವಾಗಿತ್ತೆಂದು ನಾವು ಹೇಳಲಾರೆವು. ಬೆರಳು ಕಳೆದುಕೊಂಡ ಕೈಯೊಂದನ್ನು ನಮ್ಮ ಹಿರಿಯರಲ್ಲಿ ನೋಡದವರು ವಿರಳ. ಆದರೆ ಆ ಅಪಾಯ ಆಕಾಶದ ಕೆಳಗಿತ್ತು. ತಪ್ಪಿದರೆ ಒಬ್ಬನ ಕೈಗೆ ತಪ್ಪುತ್ತಿತ್ತು. ಓಡಲು ಇಡೀ ಬಯಲಿತ್ತು. ನಮ್ಮ ಕಾಲದಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಬೆಂಕಿ ಗದ್ದೆಯಿಂದ ಎದ್ದು ಸಭಾಂಗಣದೊಳಗೆ ಬಂದು ಕುಳಿತದ್ದು. ಈಗ ಸಿಡಿಮದ್ದು ಊರಿಗೆ ಸುದ್ದಿ ಹೇಳುವುದಕ್ಕಲ್ಲ, ವೀಡಿಯೋದಲ್ಲಿ ಚೆನ್ನಾಗಿ ಕಾಣುವುದಕ್ಕೆ. ಅದನ್ನು ಹಚ್ಚುವವನು ಯಾರೆಂದು ಮದುವೆಯ ಮನೆಯವರಿಗೇ ಗೊತ್ತಿರುವುದಿಲ್ಲ. ಅಲಂಕಾರದ ಗುತ್ತಿಗೆದಾರ ಕಳುಹಿಸಿದ ಹುಡುಗ, ದೂರ ನಿಯಂತ್ರಕದ ಗುಂಡಿ ಒತ್ತಿ ಮುಂದಿನ ಸಭಾಂಗಣಕ್ಕೆ ಹೊರಟುಹೋಗುತ್ತಾನೆ.

ನಿನೆವೆಯ ಒಂದು ಮದುವೆ

ಇರಾಕಿನ ನಿನೆವೆ ಬಯಲಿನಲ್ಲಿ ಕರಾಕೋಶ್ ಎಂಬ ಊರಿದೆ. ಪ್ರವಾದಿ ಯೋನನ ಕಥೆಯಿಂದ ನಮಗೆ ಪರಿಚಿತವಾದ ನಾಡು ಅದು. ಅಲ್ಲಿನವರಲ್ಲಿ ಹೆಚ್ಚಿನವರು ಸಿರಿಯಾಕ್ ಕಥೊಲಿಕರು. 2014ರ ಆಗಸ್ಟ್‌ನಲ್ಲಿ ಉಗ್ರರ ದಾಳಿಗೆ ಬೆದರಿ ಆ ಜನ ಉಟ್ಟ ಬಟ್ಟೆಯಲ್ಲಿ ಊರು ತೊರೆದರು. 2016ರಲ್ಲಿ ಊರು ಬಿಡುಗಡೆಯಾದ ಬಳಿಕ ಮರಳಿ ಬಂದು, ಸುಟ್ಟ ಇಗರ್ಜಿಯನ್ನು ದುರಸ್ತಿ ಮಾಡಿ ಬದುಕನ್ನು ಕಟ್ಟಿಕೊಂಡರು. 2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸರು ಅದೇ ಇಗರ್ಜಿಗೆ ಭೇಟಿಯಿತ್ತು ಅವರನ್ನು ಸಂತೈಸಿದರು. ವಿಶ್ವಾಸಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡು ಮತ್ತೆ ಎದ್ದು ನಿಂತ ಜನರವರು.

2023ರ ಸೆಪ್ಟೆಂಬರ್ 26ರ ರಾತ್ರಿ ಆ ಊರಿನ ಸಭಾಂಗಣವೊಂದರಲ್ಲಿ ಮದುವೆಯ ಕೂಟ ನಡೆದಿತ್ತು. ವಧೂವರರು ನೃತ್ಯಕ್ಕೆ ನಿಂತಾಗ ಅವರ ಸುತ್ತ ಕಿಡಿಗಳ ಕಾರಂಜಿಗಳನ್ನು ಹಚ್ಚಲಾಯಿತು. ಕಿಡಿ ಚಾವಣಿಯ ಅಲಂಕಾರಕ್ಕೆ ತಾಗಿತು. ಸುಲಭವಾಗಿ ಉರಿಯುವ ಹಲಗೆಗಳಿಂದ ಕಟ್ಟಿದ ಆ ಸಭಾಂಗಣ ನಿಮಿಷಗಳಲ್ಲಿ ಹೊತ್ತಿ ಉರಿದು ಚಾವಣಿ ಕುಸಿಯಿತು. ಮಿತಿಮೀರಿ ಸೇರಿದ್ದ ಜನರಿಗೆ ಹೊರಬರಲು ಸಾಕಷ್ಟು ಬಾಗಿಲುಗಳಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಮಡಿದರು. ವಧೂವರರು ಬದುಕುಳಿದರು, ತಮ್ಮ ಬಂಧುಬಳಗದ ಅನೇಕರನ್ನು ಅವರು ಒಂದೇ ರಾತ್ರಿಯಲ್ಲಿ ಕಳೆದುಕೊಂಡರು. ಯುದ್ಧದ ಬೆಂಕಿಯಿಂದ ಪಾರಾಗಿ ಬಂದವರನ್ನು ಮದುವೆಯ ಅಲಂಕಾರದ ಬೆಂಕಿ ನುಂಗಿತು. ಅಲ್ಲಿ ವೈರಿಗಳಿರಲಿಲ್ಲ, ದುರುದ್ದೇಶವಿರಲಿಲ್ಲ. ಇದ್ದುದು ನಮ್ಮಲ್ಲಿಯೂ ಇರುವ ಅದೇ ಕಾರಂಜಿ, ಅದೇ ಇಳಿಬಿಟ್ಟ ಬಟ್ಟೆ, ಅದೇ 'ಏನೂ ಆಗದು' ಎಂಬ ಭರವಸೆ.

ಇದೊಂದು ಅಪರೂಪದ ದುರ್ಘಟನೆಯೆಂದು ತಳ್ಳಿಹಾಕುವಂತಿಲ್ಲ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸಂಗೀತ ಕೂಟವೊಂದರಲ್ಲಿ ವೇದಿಕೆಯ ಕಿಡಿಮದ್ದು ಗೋಡೆಯ ಸ್ಪಂಜಿಗೆ ತಾಗಿ 100 ಮಂದಿ ಸತ್ತರು. ಎರಡು ನಿಮಿಷದೊಳಗೆ ಮುಖ್ಯ ಬಾಗಿಲಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿಯೇ ಮುಚ್ಚಿಹೋಗಿತ್ತು. 2013ರ ಜನವರಿಯಲ್ಲಿ ಬ್ರೆಜಿಲಿನ ಸಾಂತಾ ಮರಿಯಾ ನಗರದಲ್ಲಿ ಬಯಲಿನಲ್ಲಿ ಹಚ್ಚಬೇಕಾದ ಕಿಡಿಮದ್ದನ್ನು ಅಗ್ಗವೆಂದು ಒಳಗೆ ಹಚ್ಚಿದುದರಿಂದ 242 ಮಂದಿ ಬಲಿಯಾದರು. ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ನಮ್ಮ ನೆರೆಯ ಗೋವೆಯ ಅರ್ಪೋರಾದಲ್ಲಿ 2025ರ ಡಿಸೆಂಬರ್ 6ರ ನಡುರಾತ್ರಿಯ ವೇಳೆಗೆ ಮನರಂಜನಾ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು 25 ಮಂದಿ ತೀರಿಕೊಂಡರು. ಒಳಗೆ ಬಳಸಿದ ಕಿಡಿಮದ್ದೇ ಕಾರಣವೆಂದು ಅಲ್ಲಿನ ಮುಖ್ಯಮಂತ್ರಿಗಳು ಹೇಳಿದರು. ಸತ್ತವರಲ್ಲಿ ಬಹುತೇಕ ಮಂದಿ ಅಲ್ಲಿ ದುಡಿಯುತ್ತಿದ್ದ ನೌಕರರು.

ಈ ಕೊನೆಯ ಮಾತನ್ನು ಓದುಗರು ಗಮನಿಸಬೇಕು. ನಾವು ಕಂಡ ಸಭಾಂಗಣದ ಹಿಂಬಾಗಿಲಿಗೆ ಬೀಗ ಹಾಕಿದ್ದಾಗ ಒಳಗಿದ್ದವರು ಅಡಿಗೆಯವರು, ಪಾತ್ರೆ ತೊಳೆಯುವ ಹೆಂಗಸರು, ಬಡಿಸುವ ಹುಡುಗರು. ಮದುವೆಯ ಪಟದಲ್ಲಿ ಅವರ ಮುಖ ಇರುವುದಿಲ್ಲ. ಅವರ ಪ್ರಾಣ ಮಾತ್ರ ನಮ್ಮ ಇಪ್ಪತ್ತು ಸೆಕೆಂಡುಗಳ ಬೆಡಗಿಗೆ ಒತ್ತೆಯಾಗಿರುತ್ತದೆ. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂದು ಬೆಳಿಗ್ಗೆ ಇಗರ್ಜಿಯಲ್ಲಿ ಕೇಳಿ ಬಂದ ನಾವು, ಸಂಜೆ ಅವರ ಬಾಗಿಲಿನ ಬೀಗ ತೆರೆದಿದೆಯೇ ಎಂದು ನೋಡಬೇಡವೇ?

ತಣ್ಣಗಿನ ಬೆಂಕಿ ಎಂಬುದುಂಟೇ?

'ತಣ್ಣಗಿನ ಬೆಂಕಿ' ಎಂಬ ಮಾತು ವ್ಯಾಪಾರದ ಮಾತು. ಆ ಡಬ್ಬಿಗಳಿಂದ ಚಿಮ್ಮುವುದು ಟೈಟಾನಿಯಂ ಮುಂತಾದ ಲೋಹಗಳ ಅತಿ ಸಣ್ಣ ಕಣಗಳು. ಅವು ಉರಿಯುತ್ತಲೇ ಹೊರಬರುತ್ತವೆ. ಕಣ ತೀರ ಸಣ್ಣದಾದುದರಿಂದ ಗಾಳಿಯಲ್ಲಿ ಒಂದಿಷ್ಟು ದೂರ ಹಾರುವಷ್ಟರಲ್ಲಿ ಆರುತ್ತದೆ. ದೂರದಿಂದ ಕೈಯೊಡ್ಡಿದರೆ ಸುಡದಂತೆ ಭಾಸವಾಗುತ್ತದೆ. ಆದರೆ ಡಬ್ಬಿಯ ಬಾಯಿಯ ಹತ್ತಿರ ಆ ಕಾರಂಜಿ ಸುಡುವ ಬೆಂಕಿಯೇ. ಬಲೆಬಟ್ಟೆ, ಒಣಹೂವು, ಕಾಗದ, ನೈಲಾನ್ ಇವುಗಳ ಮೇಲೆ ಕಿಡಿಗಳು ಒಂದರ ಮೇಲೊಂದು ಬಿದ್ದರೆ ಹೊತ್ತಿಕೊಳ್ಳಲು ಕ್ಷಣ ಸಾಕು. ಉರಿದು ಮುಗಿದ ಡಬ್ಬಿಯೂ ಬಹಳ ಹೊತ್ತು ಕಾದಿರುತ್ತದೆ. ಅದನ್ನು ಎತ್ತಲು ಬರುವುದು ಮಕ್ಕಳೇ.

ಸಭಾಂಗಣದ ಅಲಂಕಾರವೂ ಹಿಂದಿನದಲ್ಲ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಉರಿಯುವಾಗ ಕರಗಿ ತೊಟ್ಟಿಕ್ಕುತ್ತವೆ. ಆ ತೊಟ್ಟು ಮೈಗೆ ಅಂಟಿದರೆ ಬಿಡಿಸಲಾಗದು. ಥರ್ಮೋಕೋಲು ಕಪ್ಪು ವಿಷದ ಹೊಗೆಯನ್ನು ಕಾರುತ್ತದೆ. ಮುಚ್ಚಿದ ಕಟ್ಟಡದ ಬೆಂಕಿಯಲ್ಲಿ ಅನೇಕರನ್ನು ಕೊಲ್ಲುವುದು ಜ್ವಾಲೆಗಿಂತ ಮುಂಚೆ ಹೊಗೆ. ಗಾಬರಿಗೊಂಡ ಜನ ಹತ್ತಿರದ ಬಾಗಿಲನ್ನು ಬಿಟ್ಟು, ತಾವು ಒಳಬಂದ ಬಾಗಿಲಿನತ್ತಲೇ ನುಗ್ಗುತ್ತಾರೆ. ಆದುದರಿಂದಲೇ ಒಂದೇ ಬಾಗಿಲು ತೆರೆದಿರುವ ಸಭಾಂಗಣ, ಎಷ್ಟೇ ಅಂದವಾಗಿದ್ದರೂ, ಅಪಾಯದ ಸ್ಥಳ.

ಇದೇ ಸಾಲಿಗೆ ಸೇರುವ ಇನ್ನೆರಡು ವಸ್ತುಗಳಿವೆ. ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದದ ಕೂಟಗಳಲ್ಲಿ ಮಕ್ಕಳ ಮೇಲೆ ಎರಚುವ ಹಿಮದಂಥ ನೊರೆಯ ಡಬ್ಬಿಯಲ್ಲಿ ನೊರೆಯನ್ನು ತಳ್ಳುವ ಅನಿಲ ಹಲವು ವೇಳೆ ನಮ್ಮ ಅಡಿಗೆಯ ಅನಿಲದ ಜಾತಿಯದೇ. ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತಿರುವಾಗ ಅದನ್ನು ಸಿಂಪಡಿಸಿದರೆ ಮಗುವಿನ ತಲೆಗೂದಲಿಗೇ ಬೆಂಕಿ ಹತ್ತಬಹುದು. ಇನ್ನೊಂದು, ಮೇಲೆ ತೇಲುವ ಬಲೂನು. ಹೀಲಿಯಂ ದುಬಾರಿಯೆಂದು ಅಗ್ಗದ ಜಲಜನಕವನ್ನು ತುಂಬಿಸುವುದುಂಟು. ಒಂದು ಕಿಡಿ ತಾಗಿದರೆ ಬಲೂನುಗಳ ಗೊಂಚಲೇ ಬೆಂಕಿಯ ಉಂಡೆಯಾಗುತ್ತದೆ. ಒಂದೇ ವೇದಿಕೆಯಲ್ಲಿ ಬಲೂನು, ನೊರೆ, ಕಿಡಿ ಮೂರನ್ನೂ ಇಟ್ಟುಕೊಂಡು ಮಕ್ಕಳನ್ನು ನಡುವೆ ನಿಲ್ಲಿಸುವ ತಂದೆತಾಯಿಗಳು ತಾವೇನು ಮಾಡುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕು.

ಅಂಗಳದಲ್ಲಿಯೂ ಕ್ರಮವಿರಲಿ

ಬೆಂಕಿಯನ್ನು ಅಂಗಳಕ್ಕೆ ಒಯ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. 2024ರ ಅಕ್ಟೋಬರ್ 28ರ ರಾತ್ರಿ ನೆರೆಯ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಉತ್ಸವವೊಂದರಲ್ಲಿ, ಹಚ್ಚಿದ ಪಟಾಕಿಯ ಕಿಡಿ ಪಕ್ಕದಲ್ಲೇ ದಾಸ್ತಾನಿಟ್ಟ ಪಟಾಕಿಗಳಿಗೆ ಹಾರಿತು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವರು ಬಳಿಕ ಆಸ್ಪತ್ರೆಗಳಲ್ಲಿ ಕೊನೆಯುಸಿರೆಳೆದರು. ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬಗಳಲ್ಲಿ ಹೀಗಾಗದೆಂದು ಭಾವಿಸಲು ಕಾರಣವಿಲ್ಲ. ಹಚ್ಚುವ ಜಾಗ ಬೇರೆ, ಇಡುವ ಜಾಗ ಬೇರೆ, ಜನ ನಿಲ್ಲುವ ಜಾಗ ಬೇರೆ. ಈ ಮೂರರ ನಡುವೆ ಸಾಕಷ್ಟು ಅಂತರವಿರಬೇಕು. ಮನೆಯ ಅಂಗಳಕ್ಕೂ ಇದೇ ನಿಯಮ. ಪಟಾಕಿಯ ಪೆಟ್ಟಿಗೆಯನ್ನು ಜಗಲಿಯಲ್ಲಿ ತೆರೆದಿಟ್ಟು, ಅದರ ಪಕ್ಕದಲ್ಲೇ ಸುರುಸುರುಬತ್ತಿ ಹಚ್ಚುವುದನ್ನು ನಾವು ಎಷ್ಟು ಮನೆಗಳಲ್ಲಿ ಕಂಡಿಲ್ಲ!

ಸುರುಸುರುಬತ್ತಿಯನ್ನು ನಿರುಪದ್ರವಿಯೆಂದು ಎರಡು ವರ್ಷದ ಕೂಸಿನ ಕೈಗೂ ಕೊಡುತ್ತೇವೆ. ಅದರ ತುದಿಯ ಕಾವು ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ನೀರು ಕುದಿಯುವುದು ನೂರರಲ್ಲಿ. ಕೂಸಿನ ತೋಳು ಗಿಡ್ಡ, ಮುಖ ಹತ್ತಿರ, ಉಡುಪು ಕ್ರಿಸ್ಮಸ್ಸಿಗೆಂದು ಹೊಲಿಸಿದ ನೈಲಾನ್ ಜಾಲರಿಯ ಫ್ರಾಕು. ಮಕ್ಕಳಿಗೆ ಆ ಹೊತ್ತಿನಲ್ಲಿ ಮೈಗೊಪ್ಪುವ ಹತ್ತಿ ಬಟ್ಟೆ ತೊಡಿಸಿ, ಕಾಲಿಗೆ ಚಪ್ಪಲಿಯ ಬದಲು ಮುಚ್ಚಿದ ಬೂಟು ಹಾಕಿಸಿ. ಉರಿದ ತಂತಿಗಳನ್ನು ನೆಲಕ್ಕೆಸೆಯದೆ ನೀರಿನ ಬಕೆಟ್ಟಿಗೆ ಹಾಕುವ ಅಭ್ಯಾಸ ಮಾಡಿಸಿ. ಕತ್ತಲಲ್ಲಿ ಬರಿಗಾಲಿಗೆ ಸಿಗುವುದು ಆ ಕಾದ ತಂತಿಯೇ.

ಹಚ್ಚಿದ ಪಟಾಕಿ ಸಿಡಿಯದಿದ್ದರೆ ಮರಳಿ ಹತ್ತಿರ ಹೋಗಿ ಬಾಗಿ ನೋಡುವುದು, ಊದುವುದು ಎಂದೆಂದೂ ಸಲ್ಲದು. ಕಣ್ಣು ಹೋಗುವುದು ಹೆಚ್ಚಾಗಿ ಆ ಕ್ಷಣದಲ್ಲಿ. ಕಾಲು ಗಂಟೆಯಾದರೂ ಬಿಟ್ಟು, ದೂರದಿಂದ ನೀರು ಸುರಿದು ತೋಯಿಸಿಬಿಡಬೇಕು. ಡಬ್ಬಿಯೊಳಗೆ, ಗೆರಟೆಯ ಕೆಳಗೆ ಪಟಾಕಿಯಿಟ್ಟು ಸಿಡಿಸಿದರೆ ಅದರ ಚೂರುಗಳೇ ಗುಂಡುಗಳಾಗುತ್ತವೆ. ಪೈಪಿನಲ್ಲಿ ಕಾರ್ಬೈಡ್ ಮತ್ತು ನೀರು ಹಾಕಿ ಸಿಡಿಸುವ 'ಕೋವಿ'ಯಂತೂ ಆಟದ ವಸ್ತುವೇ ಅಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಅನೇಕ ಮಕ್ಕಳ ಕಣ್ಣುಗಳಿಗೆ ಅದರಿಂದ ತೀವ್ರ ಗಾಯಗಳಾದವು. ಗೋದಲಿ ಕಟ್ಟಲು ಸೇರುವ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಇದನ್ನು ತಯಾರಿಸುತ್ತಿಲ್ಲವೆಂಬುದನ್ನು ಹಿರಿಯರು ಖಚಿತಪಡಿಸಿಕೊಳ್ಳಲಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ನಮ್ಮ ಕೂಟಗಳಲ್ಲಿ ಪಾನೀಯ ಹರಿದಾಡುವುದು ಎಲ್ಲರಿಗೂ ತಿಳಿದ ವಿಷಯ. ಗ್ಲಾಸು ಹಿಡಿದ ಕೈ ಊದಿನಕಡ್ಡಿ ಹಿಡಿಯಬಾರದು. ರಾತ್ರಿ ಹನ್ನೊಂದರ ಬಳಿಕ, ಧೈರ್ಯ ಹೆಚ್ಚಿ ವಿವೇಕ ತಗ್ಗಿದ ಹೊತ್ತಿನಲ್ಲಿ, ಭಾವ-ಮೈದುನರು ಪಂಥಕ್ಕೆ ಬಿದ್ದು ಕೈಯಲ್ಲೇ ರಾಕೆಟ್ ಹಾರಿಸುವುದನ್ನು ನೋಡಿ ನಕ್ಕವರಲ್ಲಿ ನಾವೂ ಇದ್ದೇವೆ. ನಗಬಾರದಿತ್ತು. ಪ್ರತಿ ಮನೆಯಲ್ಲೂ ಅಂದು ಮದ್ಯ ಮುಟ್ಟದ ಒಬ್ಬ ವಯಸ್ಕನಿಗೆ ಈ ಹೊಣೆಯನ್ನು ಹೊರಿಸಿ. ಬೆಂಕಿಪೆಟ್ಟಿಗೆ ಅವನ ಜೇಬಿನಲ್ಲಿರಲಿ, ಎರಡು ಬಕೆಟ್ ನೀರು, ಒಂದಿಷ್ಟು ಮರಳು ಅವನ ಪಕ್ಕದಲ್ಲಿರಲಿ.

ಕಾನೂನಿನ ಮಾತು ಕೂಡ ತಿಳಿದಿರಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದಿನ ಪಟಾಕಿ ಸಿಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ವಿಧಿಸಿತು. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ಮುನ್ನಾರಾತ್ರಿಗಳಿಗೆ 11.55ರಿಂದ 12.30ರ ತನಕ ಮಾತ್ರ ಅವಕಾಶವಿತ್ತು, ಸರಪಟಾಕಿಗಳನ್ನು ನಿಷೇಧಿಸಿ, ಹಸಿರು ಪಟಾಕಿಗಳನ್ನಷ್ಟೇ ಒಪ್ಪಿತು. ಆದರೆ 'ಹಸಿರು' ಎಂಬುದು ಗಾಳಿಗೆ ಸಂಬಂಧಿಸಿದ್ದು, ಬೆರಳಿಗಲ್ಲ. ಅದರ ಹೊಗೆ ಕಡಿಮೆ. ಅದರ ಬೆಂಕಿ ಬೆಂಕಿಯೇ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ 14ಕ್ಕೂ ಹೆಚ್ಚು ಮಂದಿ, ಹೆಚ್ಚಾಗಿ ತಮಿಳುನಾಡಿನಿಂದ ದುಡಿಯಲು ಬಂದ ತರುಣರು, ಬೆಂದುಹೋದರು. ಅದೇ ತಿಂಗಳು ನಮ್ಮ ಮುಖ್ಯಮಂತ್ರಿಗಳು ಮದುವೆ ಹಾಗೂ ಮೆರವಣಿಗೆಗಳಲ್ಲಿ ಪಟಾಕಿ ಸಲ್ಲದೆಂದು ಪ್ರಕಟಿಸಿದರು. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಕುಕ್ಕೇಡಿಯಲ್ಲಿ ಸಿಡಿಮದ್ದು ತಯಾರಿಸುತ್ತಿದ್ದ ಮೂವರು ಸ್ಫೋಟದಲ್ಲಿ ಮಡಿದರು. ನಮ್ಮ ಸದ್ದಿನ ಬೆಲೆಯನ್ನು ತೆರುವವರು ಯಾರೆಂದು ಇವುಗಳಿಂದ ತಿಳಿಯುತ್ತದೆ.

ಸುಟ್ಟ ಗಾಯವಾದರೆ ಮೊದಲ ಔಷಧ ನಲ್ಲಿಯ ತಣ್ಣೀರು. ಇಪ್ಪತ್ತು ನಿಮಿಷ ಹರಿಯುವ ನೀರಿನಡಿ ಹಿಡಿಯಬೇಕು. ಮಂಜುಗಡ್ಡೆ, ಹಲ್ಲುಜ್ಜುವ ಪೇಸ್ಟು, ಶಾಯಿ, ತೆಂಗಿನೆಣ್ಣೆ ಬೇಡ. ಬೊಬ್ಬೆ ಒಡೆಯಬೇಡಿ, ಅಂಟಿದ ಬಟ್ಟೆ ಕೀಳಬೇಡಿ; ಶುಭ್ರವಾದ ಬಟ್ಟೆ ಹೊದೆಸಿ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಏಟಾದರೆ ಉಜ್ಜಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು, ಕಾಗದದ ಲೋಟವನ್ನು ಕಣ್ಣಿನ ಮೇಲೆ ಒತ್ತದಂತೆ ಮುಚ್ಚಿ ನೇತ್ರವೈದ್ಯರಲ್ಲಿಗೆ ಧಾವಿಸಬೇಕು. ಕಾರ್ಬೈಡಿನಂಥ ಪುಡಿ ಬಿದ್ದಿದ್ದರೆ ಮಾತ್ರ ಮೊದಲು ಧಾರಾಳ ನೀರಿನಿಂದ ತೊಳೆಯಬೇಕು. ಮೈಗೆ ಬೆಂಕಿ ಹತ್ತಿದವರು ಓಡಬಾರದು, ನೆಲದಲ್ಲಿ ಉರುಳಬೇಕು. ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಎಲ್ಲಕ್ಕೂ 112 ಸಂಖ್ಯೆಗಳನ್ನು ಮಕ್ಕಳಿಗೂ ಕಲಿಸಿಡಿ.

ನಮ್ಮ ವಿನಂತಿ

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ಧರ್ಮಕೇಂದ್ರಗಳಲ್ಲಿ ಸಮುದಾಯ ಭವನಗಳಿವೆ. ಅವುಗಳನ್ನು ಬಾಡಿಗೆಗೆ ಪಡೆಯುವಾಗ ಒಂದು ಅರ್ಜಿಗೆ ಸಹಿ ಹಾಕುತ್ತೇವೆ. ಆ ಅರ್ಜಿಯಲ್ಲಿ ಒಂದೇ ಒಂದು ಸಾಲು ಸೇರಲಿ: ಮಾಡಿನ ಕೆಳಗೆ ಯಾವುದೇ ಬಗೆಯ ಕಿಡಿಮದ್ದನ್ನು ಹಚ್ಚತಕ್ಕದ್ದಲ್ಲ. ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ಸಂಗತಿಯಿದು. ಇದಕ್ಕೆ ದೇಣಿಗೆ ಬೇಡ, ಸಮಿತಿ ಬೇಡ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ, 'ಅವರ ಮದುವೆಯಲ್ಲಿತ್ತು, ನಮ್ಮದರಲ್ಲಿಲ್ಲ' ಎಂಬ ಮುಜುಗರವೂ ಇರದು. ಅಲಂಕಾರದ ಗುತ್ತಿಗೆದಾರನಿಗೆ 'ಬೇಡ' ಎನ್ನಲು ಸಂಕೋಚಪಡುವ ತಂದೆಗೆ ಆ ಸಾಲು ಆಸರೆಯಾಗುವುದು.

ಖಾಸಗಿ ಸಭಾಂಗಣ ಗೊತ್ತುಮಾಡುವವರು ಊಟದ ಪಟ್ಟಿ ಕೇಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಲಿ. ಹೊರಹೋಗುವ ಬಾಗಿಲುಗಳೆಷ್ಟು? ಕೂಟ ನಡೆಯುವಷ್ಟು ಹೊತ್ತೂ ಅವುಗಳ ಬೀಗ ತೆರೆದಿರುವುದೇ? ಬೆಂಕಿ ಆರಿಸುವ ಸಾಧನ ಎಲ್ಲಿದೆ, ಬಳಸಲು ಬಲ್ಲವರು ಯಾರು? ಎಷ್ಟು ಜನರಿಗೆ ಸ್ಥಳವಿದೆ? ಉತ್ತರ ತಡವರಿಸಿದರೆ ಬೇರೆ ಸಭಾಂಗಣ ನೋಡುವುದು ಲೇಸು. ಇನ್ನು, ಕಾರ್ಯಕ್ರಮ ನಿರ್ವಹಿಸುವವರು ವಧೂವರರನ್ನು ಬರಮಾಡಿಕೊಳ್ಳುವ ಮುಂಚೆ, 'ಬಲಗಡೆ ಎರಡು, ಹಿಂದೆ ಒಂದು ಬಾಗಿಲಿದೆ' ಎಂದು ಒಂದು ವಾಕ್ಯ ಹೇಳಲಿ. ವಿಮಾನದಲ್ಲಿ ಇದನ್ನು ಕೇಳಿ ಯಾರೂ ಅಪಶಕುನವೆನ್ನುವುದಿಲ್ಲ. ವಾಳೆಯ ಗುರಿಕಾರರು ತಮ್ಮ ವಾಳೆಯ ಮದುವೆಯ ಮನೆಗೆ ಹೋದಾಗ ಈ ಮಾತನ್ನು ನೆನಪಿಸಿದರೆ ಅದೊಂದು ಸೇವೆಯೇ ಸರಿ.

ಸಂಭ್ರಮಕ್ಕೆ ಅಡ್ಡಿಪಡಿಸುವ ಉದ್ದೇಶ ನಮಗಿಲ್ಲ. ಪಟಾಕಿಯಿಲ್ಲದೆ ಹಬ್ಬವಿಲ್ಲವೆಂಬ ಮಕ್ಕಳ ಮನಸ್ಸೂ ನಮಗೆ ಗೊತ್ತು. ಬಯಲಿನಲ್ಲಿ, ಹೊತ್ತರಿತು, ಹಿರಿಯರ ಕಣ್ಣೆದುರಿನಲ್ಲಿ ನಾಲ್ಕು ಹೂಕುಂಡ ಹಚ್ಚಿದರೆ ನಮ್ಮ ಆಕ್ಷೇಪವಿಲ್ಲ. ಪಕ್ಕದ ಮನೆಯ ಹಾಸಿಗೆ ಹಿಡಿದ ವೃದ್ಧರನ್ನೂ ಹಟ್ಟಿಯ ಗಬ್ಬದ ಹಸುವನ್ನೂ ನೆನೆದು ಸದ್ದಿನದನ್ನು ಕೈಬಿಟ್ಟರೆ ಇನ್ನೂ ಸಂತೋಷ.

ಸಿಡಿಮದ್ದಿನ ಕೆಲಸಗಾರರೂ ಫಿರಂಗಿ ದಳದವರೂ ಸಂತ ಬಾರ್ಬರಾಳನ್ನು ತಮ್ಮ ಪಾಲಕಳೆಂದು ಬಗೆಯುತ್ತಾರೆ. ಆಕೆಯ ಹಬ್ಬ ಡಿಸೆಂಬರ್ 4ರಂದು, ಆಗಮನಕಾಲದ ಹೊಸ್ತಿಲಲ್ಲಿ. ಮದ್ದನ್ನು ದಿನವೂ ಮುಟ್ಟುವವರು ಅದಕ್ಕೆ ಅಂಜಿ ಪ್ರಾರ್ಥಿಸುತ್ತಾರೆ. ವರ್ಷಕ್ಕೊಮ್ಮೆ ಮುಟ್ಟುವ ನಾವು ಪ್ರಾರ್ಥಿಸುವುದೂ ಇಲ್ಲ, ಅಂಜುವುದೂ ಇಲ್ಲ.

ಪಾಸ್ಖ ಜಾಗರಣೆಯ ರಾತ್ರಿ ನಾವು ಕಾಣುವ ದೃಶ್ಯವನ್ನು ಓದುಗರು ಸ್ಮರಿಸಿಕೊಳ್ಳಲಿ. ಹೊಸ ಬೆಂಕಿಯನ್ನು ಹೊತ್ತಿಸುವುದು ಇಗರ್ಜಿಯ ಹೊರಗೆ, ಅಂಗಳದಲ್ಲಿ. ಯಾಜಕರು ಅದನ್ನು ಅಲ್ಲಿಯೇ ಆಶೀರ್ವದಿಸುತ್ತಾರೆ. ಕತ್ತಲ ಇಗರ್ಜಿಯೊಳಗೆ ಬರುವುದು ಆ ಬೆಂಕಿಯಿಂದ ಹಚ್ಚಿದ ಒಂದು ದೀಪ ಮಾತ್ರ. ಅದರಿಂದ ನಮ್ಮ ನಮ್ಮ ಕೈಯ ಪುಟ್ಟ ಬತ್ತಿಗಳು. ಆರದಂತೆ ಒಂದು ಕೈ ಅಡ್ಡ ಹಿಡಿದು, ಮುಂದಿನವರ ಮುಸುಕಿಗೆ ತಾಗದಂತೆ ನೋಡಿಕೊಂಡು ನಿಲ್ಲುತ್ತೇವೆ. ಅಷ್ಟು ಬೆಳಕಿನಲ್ಲಿ ಇಡೀ ಇಗರ್ಜಿ ಬೆಳಗುತ್ತದೆ. ನಮ್ಮ ಮದುವೆಗಳಿಗೂ ಅಷ್ಟು ಬೆಳಕು ಸಾಕು. ಮುಂದಿನ ಆಮಂತ್ರಣ ಹಿಡಿದು ಸಭಾಂಗಣಕ್ಕೆ ಹೋದಾಗ ನಾವಂತೂ ಮೊದಲು ಹಿಂಬಾಗಿಲನ್ನು ನೋಡಿಬರಲಿದ್ದೇವೆ. ಓದುಗರೂ ಹಾಗೆ ಮಾಡಲೆಂದು ಹಾರೈಸುತ್ತೇವೆ.